ಲೆಕ್ಕದ ಪುಸ್ತಕದಲ್ಲಿ ಅವಳಿರಲಿಲ್ಲ

ಆಟಿ ತಿಂಗಳ ಮಳೆ. ಮಂಗಳೂರಿನ ಬಿಜೈಯಲ್ಲಿ ನಮ್ಮ ಮನೆ ಹಿಂದಿನ ಅಪಾರ್ಟ್‌ಮೆಂಟ್ ಕೆಲಸ ಅಂದು ನಿಂತಿತ್ತು. ತಗಡಿನ ಶೆಡ್ಡಿನಿಂದ ಆ ಹುಡುಗಿ ತಲೆ ಮೇಲೆ ಸಿಮೆಂಟ್ ಚೀಲ ಹಾಕಿಕೊಂಡು ಬಂದಳು. ಕೊಪ್ಪಳ ಕಡೆಯವಳು, ನೀರಿಗೆ ಬರುವಾಗ ಆದ ಪರಿಚಯ. ಸೆರಗಿನೊಳಗಿಂದ ಒಂದು ಪಾಕೆಟ್ ನೋಟ್‌ಬುಕ್ ತೆಗೆದಳು.

"ಅಕ್ಕಾರ, ಲೆಕ್ಕ ನೋಡಿ ಹೇಳ್ರಿ. ಇನ್ನಾ ಎಷ್ಟ್ ದಿನಾ ದುಡಿದ್ರ ನಮ್ಮನ್ನ ಬಿಡ್ತಾರ್ರಿ?"

'ಬಿಡ್ತಾರೆ' ಅನ್ನುವ ಮಾತು ಕೇಳಿ ಎದೆ ಧಸಕ್ಕೆಂದಿತು.

ಯುಗಾದಿ ಮುಗಿದ ಮೇಲೆ ಮೇಸ್ತ್ರಿ ಗಂಡ ಹೆಂಡತಿಗೆ 40,000 ಅಡ್ವಾನ್ಸ್ ಕೊಟ್ಟು ಕರೆತಂದಿದ್ದ. ದಿನಕ್ಕೆ ಅವನಿಗೆ 700, ಇವಳಿಗೆ 500 ಎಂದು ಮಾತು. ಈಗ ಊರಲ್ಲಿ ಅವ್ವನಿಗೆ ಹುಷಾರಿಲ್ಲ. ಹೋಗಬೇಕೆಂದರೆ "ಲೆಕ್ಕ ಚುಕ್ತಾ ಮಾಡಿ ಹೋಗಿ" ಅನ್ನುತ್ತಾನೆ. ಇಬ್ಬರ ಆಧಾರ್ ಕಾರ್ಡೂ ಅವನ ಹತ್ತಿರ.

ನನ್ನದು ಅಕೌಂಟ್ಸ್ ಕೆಲಸ. ಅಡುಗೆಮನೆ ಮೆಟ್ಟಿಲಲ್ಲಿ ಕೂತು ಕೂಡಿಸಿದೆವು. ದುಡಿದದ್ದು 94 ದಿನ. ಇಬ್ಬರದೂ ಸೇರಿ 1,12,800. ವಾರಕ್ಕೆ 1,500ರಂತೆ 17 ವಾರ ಖರ್ಚಿಗೆ ಕೊಟ್ಟದ್ದು 25,500. ಅದನ್ನೂ ಅಡ್ವಾನ್ಸನ್ನೂ ಕಳೆದರೆ 47,300 ಇವರಿಗೇ ಬರಬೇಕು. ಪುಸ್ತಕದಲ್ಲಿ ಮಾತ್ರ ಇವರೇ 11,000 ಬಾಕಿ. ಶೆಡ್ಡಿನ ಬಾಡಿಗೆ, ಕರೆಂಟು, ಬಸ್ ಚಾರ್ಜು ಎಂದು 11,300 ಹಿಡಿದಿದ್ದ. ಅಷ್ಟೇ ಅಲ್ಲ, ಕೂಲಿ ಬರೆದದ್ದು ಗಂಡನ ಹೆಸರಿಗೆ ಮಾತ್ರ. ಇವಳು ಜಲ್ಲಿ ಹೊತ್ತ 94 ದಿನ ಎಲ್ಲೂ ಇಲ್ಲ.

ಸಿಮೆಂಟು ತಿಂದು ಅವಳ ಬೆರಳ ತುದಿ ಬಿರಿದಿತ್ತು. ಆ ಬೆರಳನ್ನು ಒಂದೊಂದೇ ಸಾಲಿನ ಮೇಲಿಟ್ಟು "ಇದು ನಂದೇನ್ರಿ?" ಎಂದು ಕೇಳುತ್ತಾ ಹೋದಳು.

ಸಾಲ ತೀರುವ ತನಕ ಹೋಗುವಂತಿಲ್ಲ ಎಂದು ದುಡಿಸುವುದು ಜೀತ. 1976ರ ಕಾಯ್ದೆಯಲ್ಲಿ ಅಂಥ ಸಾಲವೇ ರದ್ದು. ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟರೂ ಅದು ಬಲವಂತದ ದುಡಿಮೆ ಎಂದು ಸುಪ್ರೀಂ ಕೋರ್ಟು 1982ರಲ್ಲೇ ಹೇಳಿದೆ. ಅದೂ ದೆಹಲಿಯ ಏಷ್ಯನ್ ಗೇಮ್ಸ್‌ಗೆ ಕಟ್ಟಡ ಕಟ್ಟಿದವರ ಕೇಸಿನಲ್ಲಿ. ಜೀತ ಅಂದರೆ ಹಳ್ಳಿ, ಗೌಡರ ಹೊಲ ಅಂತಲೇ ನಮಗೆ ನೆನಪಾಗುವುದು, ಅಲ್ವಾ? ನಾಲ್ಕು ತಿಂಗಳು ಅಡುಗೆಮನೆ ಕಿಟಕಿಯಿಂದ ಅದನ್ನೇ ನೋಡುತ್ತಿದ್ದೆ. ನನಗೆ ಗೊತ್ತಾಗಲಿಲ್ಲ.

ಮರುದಿನ ಇಬ್ಬರನ್ನೂ ಲೇಬರ್ ಆಫೀಸಿಗೆ ಕರೆದುಕೊಂಡು ಹೋದೆ. ಎಸಿ, ಅಂದರೆ ಉಪವಿಭಾಗಾಧಿಕಾರಿಯ ಕಚೇರಿಗೂ ಅರ್ಜಿ ಕೊಟ್ಟೆವು. ಅಲ್ಲಿಂದ ಮೇಸ್ತ್ರಿಗೆ ಫೋನ್ ಹೋದ ಮೇಲೆ ಸಂಜೆಗೆ ಆಧಾರ್ ವಾಪಸ್ ಬಂತು. ದುಡ್ಡು ಬಂದಿಲ್ಲ. ರಾತ್ರಿ ಬಿಜೈ ಬಸ್‌ಸ್ಟ್ಯಾಂಡಿನಲ್ಲಿ ಬಸ್ ಹತ್ತಿಸಿದೆ. ಅವಳು ನೋಟ್‌ಬುಕ್ಕನ್ನು ನನ್ನ ಕೈಗಿಟ್ಟು "ಜೋಪಾನ್ರಿ ಅಕ್ಕಾರ" ಎಂದಳು.

ಶುಕ್ರವಾರ ವಿಚಾರಣೆ. ಅವ್ವನನ್ನು ನೋಡಿಕೊಂಡು ಇಬ್ಬರೂ ಗುರುವಾರ ರಾತ್ರಿಯ ಬಸ್ಸಿಗೆ ಹೊರಡುತ್ತಾರಂತೆ.