ಮೂರನೇ ಮೆಟ್ಟಿಲು

ಜನವರಿ 28, 2018, ಭಾನುವಾರ
ಮೊರೆ-ಸ್ಯುರ್-ಲ್ವಾಂ

ಎದ್ದ ಕೂಡಲೇ ನೆಲಮಾಳಿಗೆಯ ಬಾಗಿಲು ತೆಗೆದು ಟಾರ್ಚ್ ಬಿಟ್ಟು ನೋಡಿದೆ. ಕೆಳಗಿನ ಎರಡು ಮೆಟ್ಟಿಲು ನೀರಲ್ಲಿವೆ. ಮೂರನೇದು ಒಣಗಿದೆ. ನಿನ್ನೆ ರಾತ್ರಿಯೂ ಅಷ್ಟೇ ಇತ್ತು. ಇದು ಹೊಳೆ ನುಗ್ಗಿ ಬಂದ ನೀರಲ್ಲ, ನೆಲದಿಂದ ಒಸರಿ ಬಂದದ್ದು. ಹೊಳೆ ಇಳಿದರೂ ಇದು ತನ್ನ ಪುರುಸೊತ್ತಿನಲ್ಲಿ ಇಳಿಯುತ್ತದಂತೆ.

ಟಿವಿ ಹಾಕಿದರೆ ಬರೀ ಪ್ಯಾರಿಸ್. ಆಲ್ಮಾ ಸೇತುವೆಯ ಕಾಲಬುಡದಲ್ಲಿ ಜುವಾವ್ ಅಂತ ಒಬ್ಬ ಕಲ್ಲಿನ ಸಿಪಾಯಿ ನಿಂತಿದ್ದಾನೆ. ಸೀನ್ ನದಿ ಎಷ್ಟು ಏರಿದೆ ಅಂತ ಜನ ಅವನ ಮೈ ನೋಡಿ ಹೇಳುತ್ತಾರೆ. ಈಗ ತೊಡೆ ಮುಟ್ಟಿದೆ. 1910ರಲ್ಲಿ ಹೆಗಲಿಗೆ ಬಂದಿತ್ತಂತೆ. ನಮ್ಮ ಲ್ವಾಂ ಹೊಳೆ ಪಕ್ಕದ ಸೇಂ-ಮಾಮ್ಮೆಸ್‌ನಲ್ಲಿ ಸೀನ್ ಸೇರುತ್ತದೆ. ಅಂದರೆ ಆ ಸಿಪಾಯಿಯ ತೊಡೆ ಒದ್ದೆ ಮಾಡಿದ್ದರಲ್ಲಿ ನಮ್ಮೂರಿನ ಪಾಲೂ ಇದೆ. ಟಿವಿಯವರು ಅದನ್ನು ಹೇಳುವುದಿಲ್ಲ ಬಿಡಿ.

ಮಧ್ಯಾಹ್ನ ಅಮ್ಮ ಫೋನ್ ಮಾಡಿದಳು. ಜುವಾವ್ ಕತೆ ಹೇಳಿದೆ. "ಓ, ಅವರ ಕೋರ್ಪಲಯ್ಯನ ಮಂಟಪ ಅನ್ನು" ಅಂದಳು. ಶಿವಮೊಗ್ಗದಲ್ಲಿ ಮಳೆಗಾಲ ಬಂತೆಂದರೆ ಮನೆಮನೆಯಲ್ಲೂ ಇದೇ ಮಾತು, ಮಂಟಪ ಮುಳುಗಿತಾ? ಮುಳುಗಿದರೆ ಸರಿಯಾಗಿ ಮಳೆಯಾಯಿತು ಅಂತ ಲೆಕ್ಕ. ಎಲ್ಲರೂ ತುಂಗೆಯನ್ನು ನೋಡಲು ಓಡುತ್ತಿದ್ದೆವು. ಅಲ್ಲಿ ನೀರು ಏರಿದರೆ ಬಾಗಿನ. ಇಲ್ಲಿ ನೀರು ಏರಿದರೆ ಇನ್ಶೂರೆನ್ಸ್ ಕಂಪನಿಗೆ ಫೋನು. ಈ ಊರಿನ ಹೆಸರು ಮೊದಲ ಸಲ ಕೇಳಿದಾಗ "ಮೊರೆನಾ? ಯಾರಿಗೆ ಮೊರೆ ಇಡ್ತೀಯೇ?" ಅಂತ ನಕ್ಕವಳು ಅಮ್ಮ. ಇವತ್ತು ನಗಲಿಲ್ಲ. "ಸಾಮಾನೆಲ್ಲ ಮೇಲೆ ಇಟ್ಯಾ?" ಅಂತ ಮೂರು ಸಲ ಕೇಳಿದಳು.

ಇಟ್ಟಿದ್ದೆ. ಬುಧವಾರವೇ ನಾನು, ಇವರು ಸೇರಿ ವಾಷಿಂಗ್ ಮಶೀನನ್ನು ಸಿಮೆಂಟ್ ಬ್ಲಾಕ್ ಮೇಲೆ ಕೂರಿಸಿದ್ದೇವೆ. ಅಕ್ಕಿ, ಬೇಳೆ ಎಲ್ಲ ಅಟ್ಟಕ್ಕೆ ಹೋಗಿದೆ. ಆದರೆ ಎಲ್ಲಕ್ಕಿಂತ ಮೊದಲು ನಾನು ಎತ್ತಿಕೊಂಡು ಹೋಗಿದ್ದು ಆ ನೀಲಿ ಫೈಲು. ಕೈಗೆ ಅದೇ ಮೊದಲು ಬಂತು. ಯಾಕೆ ಅಂತ ಇವತ್ತಿನವರೆಗೂ ಯೋಚಿಸಿರಲಿಲ್ಲ.

ಸಂಜೆ ಎದುರುಮನೆಯ ಮದಾಮ್ ಬಂದಿದ್ದರು. ಎಂಬತ್ತು ದಾಟಿದೆ, ರಬ್ಬರ್ ಬೂಟು ಹಾಕಿಕೊಂಡು ರಸ್ತೆ ದಾಟಿ ಬಂದರು. ಕೈಯಲ್ಲಿ ಸನ್ಯಾಸಿನಿಯರ ಸೂಕ್ರ್ ದಾರ್ಜ್ ಡಬ್ಬಿ. ಬಾರ್ಲಿ ನೀರಿನ ಸಕ್ಕರೆ ಮಿಠಾಯಿ, ಈ ಊರಲ್ಲಿ 1638ರಿಂದ ಇದೆಯಂತೆ. ಒಂದು ಬಾಯಿಗೆ ಹಾಕಿಕೊಂಡು ಅವರೇ ಟಾರ್ಚ್ ಕೇಳಿ ನೆಲಮಾಳಿಗೆಗೆ ಇಳಿದರು. ನಾನು ಬೇಡ ಬೇಡ ಅನ್ನುತ್ತಾ ಹಿಂದೆ.

"ಇಲ್ಲಿ ನೋಡಿ" ಅಂದರು. ಗೋಡೆಯಲ್ಲಿ, ನನ್ನ ತಲೆಗಿಂತ ಮೇಲೆ, ಬಣ್ಣದ ಅಡಿಯಿಂದ ಒಂದು ಕಂದು ಗೆರೆ ಇಣುಕುತ್ತಿತ್ತು. 2016ರ ಜೂನ್‌ದು. ಆ ಸಲ ಲ್ವಾಂಗೆ ಕೆಂಪು ಎಚ್ಚರಿಕೆ ಕೊಟ್ಟಿದ್ದರು, ಇದೇ ಹೊಳೆಯ ದಡದ ನೆಮೂರ್‌ನಲ್ಲಿ 1910ರ ಮಟ್ಟವನ್ನೂ ದಾಟಿತ್ತು. ನಾವು ಬಂದಿದ್ದು ಅದೇ ಸೆಪ್ಟೆಂಬರ್‌ನಲ್ಲಿ. ಆಹಾ, ಮಾಲೀಕರು ಹೊಸ ಬಣ್ಣ ಹೊಡೆಸಿದ್ದಾರೆ ಅಂತ ಖುಷಿಪಟ್ಟಿದ್ದೆ. ಯಾಕೆ ಹೊಡೆಸಿದರು ಅಂತ ಕೇಳಬೇಕು ಅನ್ನಿಸಿರಲಿಲ್ಲ, ಪೆದ್ದಿ.

ಮೇಲೆ ಬಂದು ಚಹಾ ಕುಡಿಯುವಾಗ ಫೈಲು ಅವರ ಕಣ್ಣಿಗೆ ಬಿತ್ತು. ಪೌರತ್ವದ ಅರ್ಜಿ ಅಂದೆ. ಎಲ್ಲ ಸೇರಿಸಿ ಆಗಿದೆ, ಸಹಿ ಒಂದು ಬಾಕಿ. ಸೇರಿಸುವುದೇನು ಸಾಮಾನ್ಯವೇ? ನನ್ನ ಜನನ ಪ್ರಮಾಣಪತ್ರದಲ್ಲಿ ಹೆಸರೇ ಇರಲಿಲ್ಲ, 'ಹೆಣ್ಣು ಮಗು' ಅಂತಷ್ಟೇ ಇತ್ತು. ಹೆಸರು ಸೇರಿಸಲು ಅಪ್ಪ ಎಷ್ಟು ಸಲ ಓಡಾಡಿದರೋ. ಆಮೇಲೆ ಇನಿಶಿಯಲ್ ಗೋಳು. 'ಮನೆತನದ ಹೆಸರು' ಅನ್ನುವ ಜಾಗದಲ್ಲಿ ಅಪ್ಪನ ಹೆಸರು ಹೋಗಿ ಕೂತಿದೆ. ಹೆಸರನ್ನು ಫ್ರೆಂಚ್ ಮಾಡಿಕೊಳ್ಳುತ್ತೀರಾ ಅಂತ ಕೇಳುವ ಹಾಳೆಯೂ ಒಂದಿದೆ. ಅದನ್ನು ಖಾಲಿ ಬಿಟ್ಟಿದ್ದೇನೆ.

ಮದಾಮ್ ಸುಮ್ಮನೆ ಕೇಳಿಸಿಕೊಂಡರು. ಆಮೇಲೆ "ನಾಳೆ 29. ನಮ್ಮ ಸಿಸ್ಲೆ ತೀರಿಕೊಂಡ ದಿನ" ಅಂದರು.

ನಮ್ಮ ಸಿಸ್ಲೆ! ಚಿತ್ರಕಾರ. ಹುಟ್ಟಿದ್ದು ಪ್ಯಾರಿಸ್‌ನಲ್ಲಿ, ಅಪ್ಪ ಅಮ್ಮ ಇಂಗ್ಲಿಷರು. ಈ ಹೊಳೆ, ಈ ಸೇತುವೆ, ಈ ಪಾಪ್ಲರ್ ಮರಗಳನ್ನು ವರ್ಷಗಟ್ಟಲೆ ಬರೆದ. ಇಲ್ಲಿನ ಚರ್ಚನ್ನೇ ಹತ್ತಕ್ಕೂ ಹೆಚ್ಚು ಸಲ ಬರೆದ. ಫ್ರೆಂಚ್ ಪೌರತ್ವ ಕೇಳಿದ, ಸಿಗಲಿಲ್ಲ. 1899ರಲ್ಲಿ ಇಲ್ಲೇ, ಇಂಗ್ಲಿಷ್ ಪ್ರಜೆಯಾಗಿಯೇ ಸತ್ತ. ಕೈಯಲ್ಲಿ ಕಾಸಿರಲಿಲ್ಲ. ಮರುವರ್ಷ ಅವನು ಬರೆದ ಪ್ರವಾಹದ ಚಿತ್ರವೊಂದು, ಪೋರ್-ಮಾರ್ಲಿ ಅನ್ನುವ ಊರಿನದು, 43,000 ಫ್ರಾಂಕಿಗೆ ಹೋಯಿತು.

"ಈಗ ಬೀದಿ ಬೀದಿಯಲ್ಲೂ ಅವನ ಚಿತ್ರದ ಫಲಕ ಇಟ್ಟಿದ್ದೇವೆ. ಕಾಗದ ಕೊಡಲಿಲ್ಲ, ಫಲಕ ಕೊಟ್ಟೆವು" ಅಂತ ಮದಾಮ್ ನಕ್ಕರು. ನನಗೆ ನಗು ಬರಲಿಲ್ಲ. ಅವನಿಗೆ ಕೇಳಿದ್ದು ಸಿಗಲಿಲ್ಲ. ನನ್ನದು ಬೇರೆ. ಇದು ಸಿಕ್ಕರೆ ಅದನ್ನು ಬಿಡಬೇಕು. ಭಾರತ ಎರಡು ಪೌರತ್ವ ಒಪ್ಪುವುದಿಲ್ಲ. ಪಾಸ್‌ಪೋರ್ಟ್ ವಾಪಸ್ ಕೊಟ್ಟು, ಬೇರೆ ದೇಶದ ಪ್ರಜೆಗಳಾದ ಭಾರತ ಮೂಲದವರಿಗೆ ಕೊಡುವ ಓಸಿಐ ಕಾರ್ಡ್ ತಗೊಳ್ಳಬೇಕು. ಶಿವಮೊಗ್ಗದಲ್ಲಿ ನಾನು ಓಟು ಹಾಕುವ ಹಾಗಿಲ್ಲ. ಹಾಕದೆ ಏಳು ವರ್ಷವಾಯಿತು, ಅದು ಬೇರೆ ಮಾತು.

"ನೀವು ಇಲ್ಲಿಯವರೇ ಅಲ್ವಾ?" ಅಂತ ಕೇಳಿದೆ.

"ನಾನಾ? 1974ರಲ್ಲಿ ಬಂದೆ. ಬೇಕರಿಯಲ್ಲಿ ಇವತ್ತಿಗೂ ನಾನು ಪ್ಯಾರಿಸಿನವಳು."

ಪ್ಯಾರಿಸ್ ಇಲ್ಲಿಂದ ರೈಲಲ್ಲಿ ಮುಕ್ಕಾಲು ಗಂಟೆ ದಾರಿ!

ಹೊರಡುವಾಗ ಮಿಠಾಯಿ ಡಬ್ಬಿ ಇಲ್ಲೇ ಬಿಟ್ಟರು. ಸಂದರ್ಶನದಲ್ಲಿ ನದಿಗಳ ಹೆಸರು ಕೇಳುತ್ತಾರಂತೆ. ಸೀನ್, ಲ್ವಾರ್, ಗರೋನ್, ರೋನ್, ರೈನ್. ಬಾಯಿಪಾಠ ಆಗಿದೆ. ಆ ಪಟ್ಟಿಯಲ್ಲಿ ಲ್ವಾಂ ಇಲ್ಲ.

ಇವರು ಮಲಗಿದ್ದಾರೆ. ಫೈಲು ಇನ್ನೂ ಮೇಜಿನ ಮೇಲಿದೆ, ಪೆನ್ನೂ ಇದೆ. ಈಗ ಮತ್ತೆ ಹೋಗಿ ಟಾರ್ಚ್ ಬಿಟ್ಟು ಬಂದೆ. ಮೂರನೇ ಮೆಟ್ಟಿಲು ಹೊಳೆಯುತ್ತಿದೆ. ಮದಾಮ್ ಬೂಟಿನ ಒದ್ದೆಯೋ, ಅಥವಾ