ಹಸಿರು ಗೆರೆ ಕಾಯುತ್ತಾ
17 ಜುಲೈ 2025, ಗುರುವಾರ
ಶಿರಸಿ

ಬೆಳಿಗ್ಗೆಯಿಂದ ಮಳೆ ಬಿಟ್ಟಿಲ್ಲ. ಅಡಿಕೆಗೆ ಕೊಳೆ ಔಷಧಿ ಹೊಡೆಯಲು ಬರಬೇಕಿದ್ದ, ಮರ ಹತ್ತುವ ಕೊನೆಗೌಡ ಇವತ್ತೂ ಬರಲಿಲ್ಲ. ಅಪ್ಪಯ್ಯ ಜಗುಲಿಯಲ್ಲಿ ಕೂತು ಮೋಡಕ್ಕೆ ಬೈಯುತ್ತಿದ್ದ, ನಾನು ಒಳಗೆ ಕೂತು ಲ್ಯಾಪ್‌ಟಾಪಿಗೆ.

ಕೆಲಸ ಸಣ್ಣದೇ. ಚೌತಿ ಹೊತ್ತಿಗೆ ನಡೆಯುವ ಯಕ್ಷಗಾನದ ಆಟದ ಪ್ರಚಾರಕ್ಕೆ 40 ಸೆಕೆಂಡಿನ ವಿಡಿಯೊ. ಹಸಿರು ಬಟ್ಟೆಯ ಮುಂದೆ ಕುಣಿದ ವೇಷವನ್ನು ಬಿಡಿಸಿ ತಂದು ಯಾಣದ ಬಂಡೆಯ ಮುಂದೆ ನಿಲ್ಲಿಸಬೇಕು, ಮೇಲೊಂದಿಷ್ಟು ಮಂಜು, ಕೊನೆಯಲ್ಲಿ ಅಕ್ಷರ. ಬಟ್ಟೆ ಸಿ.ಪಿ. ಬಜಾರಿನದು, ಕ್ಯಾಮೆರಾ ಗೆಳೆಯನ ಫೋನು, ಸಾಫ್ಟ್‌ವೇರ್ ಆಫ್ಟರ್ ಎಫೆಕ್ಟ್ಸ್. ಆದರೆ ಪ್ರಿವ್ಯೂ ನೋಡಲು ಸ್ಪೇಸ್ ಬಾರ್ ಒತ್ತಿದರೆ ವೇಷ ಹೆಜ್ಜೆ ಎತ್ತಿ, ಕಾಲನ್ನು ಗಾಳಿಯಲ್ಲೇ ಇಟ್ಟುಕೊಂಡು ನಿಂತುಬಿಡುತ್ತದೆ. ಟೈಮ್‌ಲೈನಿನ ಮೇಲೆ ಹಸಿರು ಗೆರೆ ಎಷ್ಟು ತುಂಬಿದೆಯೋ ಅಷ್ಟು ಭಾಗ ಮಾತ್ರ ರ‍್ಯಾಮಿನಲ್ಲಿ ತಯಾರಾಗಿ ಕೂತಿದೆ ಎಂದರ್ಥ. ನನ್ನ ಗೆರೆ ಬಸವನಹುಳದ ಹಾಗೆ ತೆವಳುತ್ತಿತ್ತು. ಚಂಡೆಯ ಪೆಟ್ಟಿಗೆ ಹೆಜ್ಜೆ ಕೂರಿಸುವ ಕೆಲಸ ಇದು. ಪ್ರಿವ್ಯೂ ಸರಿಯಾದ ವೇಗದಲ್ಲಿ ಓಡದಿದ್ದರೆ ಕತ್ತಲಲ್ಲಿ ಅಡಿಕೆ ಸುಲಿದ ಹಾಗೆ, ಬೆರಳು ಕೊಯ್ದುಕೊಳ್ಳುವುದೇ ಹೆಚ್ಚು.

ಮೊದಲು ಹೊಳೆದದ್ದು ಎಲ್ಲರಿಗೂ ಹೊಳೆಯುವುದೇ: ರ‍್ಯಾಮ್ ಸಾಲದು. ನಿನ್ನೆ ರಾತ್ರಿ ಇನ್ನೊಂದು 16 ಜಿಬಿಗೆ ಆರ್ಡರ್ ಹಾಕುವ ತನಕವೂ ಹೋಗಿದ್ದೆ. ಲೆಕ್ಕ ಹಾಕಿದರೆ ಪೂರ್ತಿ ಸುಳ್ಳೂ ಅಲ್ಲ. 4ಕೆ ಫ್ರೇಮೆಂದರೆ 3840 × 2160, ಸುಮಾರು 83 ಲಕ್ಷ ಚುಕ್ಕೆ. ಒಂದೊಂದು ಚುಕ್ಕೆಗೂ ಕೆಂಪು, ಹಸಿರು, ನೀಲಿ, ಪಾರದರ್ಶಕತೆ ಎಂದು ನಾಲ್ಕು ಬೈಟ್. ಫ್ರೇಮಿಗೆ 33 ಎಂಬಿ ಆಯಿತು, ಸೆಕೆಂಡಿಗೆ 30 ಫ್ರೇಮಿನಂತೆ ಹೆಚ್ಚುಕಮ್ಮಿ 1 ಜಿಬಿ. ನಾನೋ ದೊಡ್ಡಸ್ತಿಕೆಗೆ ಪ್ರಾಜೆಕ್ಟನ್ನು 16 ಬಿಟ್‌ನಲ್ಲಿ ಇಟ್ಟಿದ್ದೆ, ಅಂದರೆ ಬಣ್ಣಕ್ಕೆ ಒಂದರ ಬದಲು ಎರಡು ಬೈಟ್, ಅದರ ದುಪ್ಪಟ್ಟು. ಇರುವ 16 ಜಿಬಿಯಲ್ಲಿ ವಿಂಡೋಸಿಗೂ ಬ್ರೌಸರಿಗೂ ಕೊಟ್ಟು ಉಳಿದ 10ರಲ್ಲಿ ಬರೀ ಐದು ಸೆಕೆಂಡಿನ ಕುಣಿತ.

ರೆಸಲ್ಯೂಶನ್ ‘ಹಾಫ್’ಗೆ ಇಳಿಸಿದೆ. ಹೆಸರಿಗೆ ಅರ್ಧ, ಉಳಿಯುವುದು ಕಾಲು ಭಾಗ. ಅಗಲವೂ ಅರ್ಧ, ಎತ್ತರವೂ ಅರ್ಧ ಆಗುತ್ತದಲ್ಲ. ಐದು ಸೆಕೆಂಡು ಹಿಡಿಸುತ್ತಿದ್ದಲ್ಲಿ ಇಪ್ಪತ್ತು ಹಿಡಿಸಿತು. ಗೆರೆ ತೆವಳುವುದು ಮಾತ್ರ ತಪ್ಪಲಿಲ್ಲ. ಎಷ್ಟು ಹಿಡಿಸುತ್ತದೆ ಎನ್ನುವುದು ಒಂದು ಪ್ರಶ್ನೆ, ಎಷ್ಟು ಬೇಗ ತುಂಬುತ್ತದೆ ಎನ್ನುವುದು ಇನ್ನೊಂದು. ಎರಡು ದಿನ ನಾನು ಎರಡನ್ನೂ ಒಂದೇ ಎಂದುಕೊಂಡು ಒದ್ದಾಡಿದ್ದೆ. ದೊಡ್ಡ ಹಂಡೆ ತಂದಿಟ್ಟರೆ ಗುಡ್ಡದಿಂದ ಹರಿದು ಬರುವ ಅಬ್ಬಿನೀರು ಜೋರಾಗುತ್ತದೆಯೇ?

ಸಿಗ್ನಲ್ ಸಿಗುವುದು ಕೊಟ್ಟಿಗೆಯ ಆಚೆ, ಗೊಬ್ಬರಗುಂಡಿಯ ಹತ್ತಿರ. ಕೊಡೆ ಹಿಡಿದು ಅಲ್ಲಿಗೆ ಹೋಗಿ ಬೆಂಗಳೂರಿನ ಭಾವನಿಗೆ ಫೋನ್ ಮಾಡಿದೆ. ಇದೇ ಕೆಲಸದಲ್ಲಿ ಕೂದಲು ಉದುರಿಸಿಕೊಂಡವ ಅವ.

“ಎಫೆಕ್ಟ್ ಎಲ್ಲ ಆಫ್ ಮಾಡಿ ನೋಡಿದ್ಯನಾ?”

“ಇಲ್ಲೆ.”

“ಮೊದ್ಲು ಅದು ಮಾಡು. ಆಮೇಲೆ ಲೇಯರ್ ಒಂದೊಂದೇ ಕಣ್ಣು ಮುಚ್ಚು. ಯಾವ್ದು ಮುಚ್ಚಿದಾಗ ಓಡ್ತು, ಅದೇ ಕಳ್ಳ.”

ಎಫೆಕ್ಟ್ ಎಲ್ಲ ಆಫ್ ಮಾಡಿದೆ, ಗೆರೆ ತೆವಳುವುದು ಹಾಗೇ ಇತ್ತು. ಮಂಜಿನ ಲೇಯರ್, ಅಂದರೆ ಪದರ, ಮುಚ್ಚಿದರೆ ತುಸು ಹಗುರವಾಯಿತು, ಅಷ್ಟೇ. ವೇಷದ್ದೇ ಲೇಯರ್ ಮುಚ್ಚಿದೆ ನೋಡಿ, ಹಸಿರು ಗೆರೆ ಈ ತುದಿಯಿಂದ ಆ ತುದಿಗೆ ಓಡಿತು. ಹಸಿರು ತೆಗೆಯುವ ಕೀ ಎಫೆಕ್ಟಿನ ಮೇಲೆ ಇಷ್ಟು ದಿನ ಸುಮ್ಮನೆ ಅನುಮಾನಪಟ್ಟಿದ್ದೆ. ಕಳ್ಳ ಫೋನಿನ ಫೈಲು.

ಅದು ಎಚ್‌ಇವಿಸಿ, ವಿಡಿಯೊವನ್ನು ಹಿಂಡಿ ಚಿಕ್ಕದು ಮಾಡಿಡುವ ಬಗೆ. ಜಾಗ ಉಳಿಸಲಿಕ್ಕಾಗಿ ಎಲ್ಲ ಫ್ರೇಮನ್ನೂ ಪೂರ್ತಿ ಬರೆದಿಡುವುದಿಲ್ಲ. ಆಗೊಮ್ಮೆ ಈಗೊಮ್ಮೆ ಒಂದು ಪೂರ್ಣ ಚಿತ್ರ, ನಡುವೆಲ್ಲ ಅಕ್ಕಪಕ್ಕದ ಫ್ರೇಮಿಗೂ ಇದಕ್ಕೂ ಏನು ವ್ಯತ್ಯಾಸ ಎನ್ನುವುದಷ್ಟೇ. ಅಪ್ಪಯ್ಯನ ಹಾಲಿನ ಪುಸ್ತಕವೂ ಹೀಗೇ. ಸೋಮವಾರ ಒಟ್ಟು ಬಾಕಿ, ಉಳಿದ ದಿನ ಬರೀ ಕೂಡಿದ್ದು ಕಳೆದದ್ದು. ಗುರುವಾರದ ಬಾಕಿ ಎಷ್ಟೆಂದು ಕೇಳಿದರೆ ಸೋಮವಾರದಿಂದ ಬೆರಳು ಮಡಚುತ್ತಾ ಬರಬೇಕು. ಮೊದಲಿಂದ ಕೊನೆಗೆ ಸುಮ್ಮನೆ ನೋಡುವವರಿಗೆ ಇದರಿಂದ ತೊಂದರೆಯಿಲ್ಲ. ಎರಡು ಫ್ರೇಮ್ ಹಿಂದೆ, ಒಂದು ಮುಂದೆ ಎಂದು ಎಳೆದಾಡುವ ನನ್ನಂಥವನಿಗೆ ಪ್ರತಿ ಸಲವೂ ಪ್ರೊಸೆಸರ್ ಸೋಮವಾರಕ್ಕೆ ಓಡಿ ವಾಪಸು ಬರಬೇಕು.

ಎಫ್‌ಎಫ್‌ಎಂಪೆಗ್‌ ಎಂಬ ವಿಡಿಯೊ ಬದಲಿಸುವ ಸಾಫ್ಟ್‌ವೇರಿನಿಂದ ಪ್ರೊರೆಸ್ 422 ಎಂಬ ಇನ್ನೊಂದು ಬಗೆಗೆ ಬದಲಿಸಲು ಹಾಕಿದೆ. ಅದರಲ್ಲಿ ಪ್ರತಿ ಫ್ರೇಮೂ ತನ್ನಷ್ಟಕ್ಕೆ ಪೂರ್ಣ, ಯಾರನ್ನೂ ಕೇಳಬೇಕಿಲ್ಲ. ಹಾಗೇ ಫ್ರೇಮ್ ರೇಟನ್ನೂ 30ಕ್ಕೆ ಕಟ್ಟಿಹಾಕಿದೆ. ಫೋನುಗಳು ಅದನ್ನು ತಮಗೆ ಬೇಕಾದ ಹಾಗೆ ಏರಿಸಿ ಇಳಿಸಿ, ಕೊನೆಗೆ ಚಂಡೆ ಒಂದು ಕಡೆ ಕಾಲು ಒಂದು ಕಡೆ ಆಗುವುದುಂಟು. ಅರ್ಧ ಆಗುವಾಗ ಕರೆಂಟ್ ಹೋಯಿತು. ಬ್ಯಾಟರಿಯ ಮೇಲೆ ಲ್ಯಾಪ್‌ಟಾಪ್ ತಾನಾಗಿಯೇ ವೇಗ ಇಳಿಸಿಕೊಳ್ಳುತ್ತದೆ, ಆಗ ಪರೀಕ್ಷೆ ಮಾಡಿ ಕಂಡುಕೊಂಡದ್ದೆಲ್ಲ ಸುಳ್ಳಾಗುತ್ತದೆ. ಸುಮ್ಮನೆ ಕೂತು ಆಯಿ ಕೊಟ್ಟ ಕಷಾಯ ಕುಡಿದೆ.

ಕರೆಂಟ್ ಬಂದ ಮೇಲೆ ಹೊಸ ಫೈಲ್ ಹಾಕಿ ಸ್ಪೇಸ್ ಬಾರ್ ಒತ್ತಿದರೆ, ಮತ್ತೆ ಬಸವನಹುಳ! ಅಳು ಬರುವುದೊಂದು ಬಾಕಿ. ಈ ಸಲ ಲೆಕ್ಕವೇ ಕೈ ಹಿಡಿಯಿತು. ಈ ಅಳತೆಗೆ ಪ್ರೊರೆಸ್ 422 ಸೆಕೆಂಡಿಗೆ ಸುಮಾರು 589 ಮೆಗಾಬಿಟ್, ನಿಮಿಷಕ್ಕೆ 4.4 ಜಿಬಿ. ಫೈಲ್ ಇದ್ದ ನನ್ನ ಹಾರ್ಡ್ ಡಿಸ್ಕ್ ಚುಚ್ಚಿದ್ದು ಧೂಳು ಹಿಡಿದ ಯುಎಸ್‌ಬಿ 2.0 ಹಬ್ಬಿಗೆ. ಕಾಗದದ ಮೇಲೆಯೇ ಅದರ ಗರಿಷ್ಠ ಸೆಕೆಂಡಿಗೆ 480 ಮೆಗಾಬಿಟ್, ನಿಜಕ್ಕೂ ಸಿಗುವುದು ಅದಕ್ಕಿಂತ ಎಷ್ಟೋ ಕಡಿಮೆ. ಮೊದಲಿನ ಪುಟ್ಟ ಫೈಲಿಗೆ ಅಷ್ಟು ಸಾಕಿತ್ತು, ಹಾಗಾಗಿ ಹಬ್ಬಿನ ಮೇಲೆ ಯಾರ ಕಣ್ಣೂ ಬಿದ್ದಿರಲಿಲ್ಲ. ಫೈಲನ್ನು ಲ್ಯಾಪ್‌ಟಾಪಿನ ಒಳಗಿನ ವೇಗದ ಎಸ್‌ಎಸ್‌ಡಿಗೆ ಎಳೆದುಕೊಂಡೆ. ತಯಾರಾದ ಫ್ರೇಮ್ ಉಳಿಸಿಡುವ ಡಿಸ್ಕ್ ಕ್ಯಾಶನ್ನೂ ಅಲ್ಲಿಗೇ ತಿರುಗಿಸಿದೆ, 16 ಬಿಟ್ ಹೋಗಿ 8 ಬಿಟ್ ಆಯಿತು. ಸಂಜೆ ಐದೂವರೆಗೆ ವೇಷ ನಿಲ್ಲದೆ ಕುಣಿಯಿತು.

“ಇನ್ನೂ ಆಯ್ದಿಲ್ಯನ ಮಾಣಿ ಅದು?” ಎನ್ನುತ್ತಾ ಅಪ್ಪಯ್ಯ ಒಳಗೆ ಬಂದ. ಎಲೆ ಅಡಿಕೆ ಮೆಲ್ಲುತ್ತಾ ಎರಡು ಸಲ ಪೂರ್ತಿ ನೋಡಿದ. ನಾನು ಶಭಾಸ್‌ಗಿರಿಗೆ ಕಾಯುತ್ತಿದ್ದೆ.

“ಮುಕ್ತಾಯದ ಪೆಟ್ಟಿಗೆ ಹೆಜ್ಜೆ ಹಿಂದೆ ಬಿತ್ತು” ಎಂದ.

ಮತ್ತೆ ನೋಡಿದೆ, ಹೌದು. ಮೂರು ಫ್ರೇಮ್ ಹಿಂದೆ. ತಡೆತಡೆದು ಓಡುವಾಗ ಅದು ಕಾಣುವುದಾದರೂ ಹೇಗೆ? ಎಳೆದು ಕೂರಿಸಿ ತೋರಿಸಿದ್ದಕ್ಕೆ ಏನೂ ಹೇಳದೆ ಜಗುಲಿಗೆ ಹೋದ.

ಮಂಜಿನ ಲೇಯರನ್ನು ನಾಳೆ ಬೇರೆಯಾಗಿ ರೆಂಡರ್ ಮಾಡಿಟ್ಟುಕೊಳ್ಳಬೇಕು, ಕರೆಂಟ್ ಇದ್ದರೆ. ರ‍್ಯಾಮ್ ಇನ್ನೂ ಕಾರ್ಟಿನಲ್ಲೇ ಇದೆ, ತೆಗೆದಿಲ್ಲ.