ಮಂಚದ ಕೆಳಗೆ ಹೋದಾಗ ಮಾತ್ರ ನಿಲ್ಲುವ ಬ್ರಷ್

ಮೂರನೆಯ ಸಲ ಅದೇ ವ್ಯಾಕ್ಯೂಮ್ ಕ್ಲೀನರಿನ ಹೆಡ್, ಅಂದರೆ ನೆಲಕ್ಕೆ ತಾಗುವ ಬ್ರಷ್ ಇರುವ ತುದಿ, ಅಂಗಡಿಗೆ ಬಂದಾಗ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ತಂದವರು ನಿವೃತ್ತ ಶಾಲಾ ಶಿಕ್ಷಕಿ. ಬಟ್ಟೆಯ ಚೀಲದಿಂದ ಅದನ್ನು ತೆಗೆದು ಮೇಜಿನ ಮೇಲಿಟ್ಟು, "ಏನಪ್ಪ, ಮತ್ತೆ ನಿಂತಿತು" ಎಂದರು, ಅಷ್ಟೇ. ಗದರಿದ್ದರೆ ವಾಸಿಯಿತ್ತು.

ಬಸವನಗುಡಿಯ ಹತ್ತಿರ ಹದಿನೈದು ವರ್ಷದಿಂದ ಮಿಕ್ಸಿ, ಗ್ರೈಂಡರ್, ಫ್ಯಾನ್ ರಿಪೇರಿ ಮಾಡಿಕೊಂಡಿದ್ದೇನೆ. ವ್ಯಾಕ್ಯೂಮ್ ಕ್ಲೀನರ್ ಮೊದಲೆಲ್ಲ ವರ್ಷಕ್ಕೆ ನಾಲ್ಕೈದು ಬಂದರೆ ಹೆಚ್ಚು. ಬ್ಯಾಟರಿಯಲ್ಲಿ ಓಡುವ ಕೋಲಿನ ಮಾದರಿ ಬಂದ ಮೇಲೆ ವಾರಕ್ಕೆ ಎರಡಾದರೂ ಬರುತ್ತವೆ. ದೂರು ಹೆಚ್ಚಾಗಿ ಒಂದೇ: ಗಾಳಿ ಎಳೆಯುತ್ತದೆ, ಬ್ರಷ್ ತಿರುಗುವುದಿಲ್ಲ. ಟೀಚರ್ ಮೊದಲ ಸಲ ಬಂದಾಗ ಹೇಳಿದ್ದು ಸ್ವಲ್ಪ ಬೇರೆ. "ಎರಡು ನಿಮಿಷ ಚೆನ್ನಾಗಿ ತಿರುಗುತ್ತದೆ, ಆಮೇಲೆ ನಿಲ್ಲುತ್ತದೆ. ಹತ್ತು ನಿಮಿಷ ಬಿಟ್ಟರೆ ಮತ್ತೆ ಸರಿ." ಈ ಮಾತನ್ನು ನೆನಪಿನಲ್ಲಿಟ್ಟುಕೊಳ್ಳಿ. ನಾನು ಎಡವಿದ್ದು ಇಲ್ಲಿಯೇ.

ಎರಡು ನಿಮಿಷ, ಆಮೇಲೆ ವಿಶ್ರಾಂತಿ ಎಂದ ಕೂಡಲೇ ನನ್ನ ತಲೆಯಲ್ಲಿ ಒಂದೇ ಪದ ಹೊಳೆಯಿತು: ಬಿಸಿ. ಹೆಡ್ಡಿನೊಳಗೆ ರೋಲರಿಗಾಗಿಯೇ, ಅಂದರೆ ತಿರುಗುವ ಉರುಳೆಯಂಥ ಬ್ರಷ್ಷಿಗಾಗಿಯೇ, ಒಂದು ಪುಟ್ಟ ಮೋಟಾರ್ ಇರುತ್ತದೆ, ಹಲ್ಲಿರುವ ಸಣ್ಣ ಬೆಲ್ಟಿನ ಮೂಲಕ ರೋಲರನ್ನು ತಿರುಗಿಸುತ್ತದೆ. ರೋಲರಿಗೆ ಏನಾದರೂ ಸಿಕ್ಕಿಕೊಂಡರೆ ಮೋಟಾರ್ ತಿಣುಕುತ್ತದೆ, ಹೆಚ್ಚು ಕರೆಂಟ್ ಎಳೆಯುತ್ತದೆ, ರಕ್ಷಣೆಗೆಂದು ಇಟ್ಟ ಸರ್ಕ್ಯೂಟ್ ಅದನ್ನು ನಿಲ್ಲಿಸುತ್ತದೆ. ರೋಲರ್ ಬಿಚ್ಚಿದೆ. ನನ್ನ ಊಹೆಗೆ ಹೇಳಿ ಮಾಡಿಸಿದ ಸಾಕ್ಷಿ ಅಲ್ಲಿಯೇ ಇತ್ತು.

ನಮ್ಮ ಮನೆಗಳ ರೋಲರಿನಲ್ಲಿ ಸಿಗುವ ಕಸದ ವೈಭವವೇ ಬೇರೆ. ಮಾರುದ್ದದ ಕೂದಲು, ಅದಕ್ಕೆ ಹಚ್ಚಿದ ಕೊಬ್ಬರಿ ಎಣ್ಣೆ, ಮಲ್ಲಿಗೆ ಕಟ್ಟಿದ ಬಾಳೆನಾರು, ಸೀರೆಯ ಅಂಚಿನ ಎಳೆ, ಇವುಗಳ ಮೇಲೆ ರಂಗೋಲಿ ಪುಡಿ. ನಡುವೆ ಸುತ್ತಿಕೊಂಡ ಕೂದಲು ಕಣ್ಣಿಗೆ ಕಾಣುತ್ತದೆ, ಅದು ಅಷ್ಟೇನೂ ಅಪಾಯಕಾರಿಯಲ್ಲ. ಕಾಟ ಕೊಡುವುದು ತುದಿಗೆ ಸರಿದು ಮುಚ್ಚಳದೊಳಗೆ ಸೇರಿಕೊಂಡದ್ದು. ತುದಿಯ ಮುಚ್ಚಳ ಬಿಚ್ಚಿದರೆ, ಕೊಡ ಹೊರಲು ತಲೆಯ ಮೇಲಿಡುವ ಸಿಂಬಿಯ ಹಾಗೆ ಬಿಗಿಯಾಗಿ ಸುತ್ತಿದ ಕೂದಲಿನ ಬಳೆ ಬೇರಿಂಗಿಗೆ ಅಂಟಿಕೊಂಡಿತ್ತು. ಉಜ್ಜಿ ಉಜ್ಜಿ ಪಕ್ಕದ ಪ್ಲಾಸ್ಟಿಕ್ ಹೊಳಪೇರಿ, ಒಂದು ಕಡೆ ಕರಗಿತ್ತು.

ಇದನ್ನು ಚಾಕುವಿನಿಂದ ಕೀಳುವವರಿದ್ದಾರೆ, ಬಿರುಗೂದಲೂ ಜೊತೆಗೇ ಹೋಗುತ್ತದೆ. ನಾನು ದರ್ಜಿಗಳು ಹೊಲಿಗೆ ಬಿಚ್ಚಲು ಬಳಸುವ ಕವಲುಮೂತಿಯ ಸಣ್ಣ ಸಾಧನವನ್ನು ಇಟ್ಟುಕೊಂಡಿದ್ದೇನೆ. ಬಿರುಗೂದಲಿನ ಸಾಲಿನ ಪಕ್ಕದಲ್ಲಿಯೇ ಉದ್ದಕ್ಕೆ ಎಳೆದರೆ ಸುತ್ತು ತಾನಾಗಿ ಬಿಚ್ಚಿಕೊಳ್ಳುತ್ತದೆ. ಅದಕ್ಕೆ ಮೊದಲು ಬ್ಯಾಟರಿ ತೆಗೆದಿಡಬೇಕು. ಬೆರಳು ಒಳಗಿರುವಾಗ ರೋಲರ್ ತಿರುಗಿದರೆ ಏನಾಗುತ್ತದೆ ಎನ್ನುವುದಕ್ಕೆ ನನ್ನ ಎಡಗೈಯ ತೋರುಬೆರಳಿನಲ್ಲಿ ಗುರುತಿದೆ. ಬೇರಿಂಗ್ ಗರಗರ ಎನ್ನುತ್ತಿತ್ತು. ಅಂಚಿನಲ್ಲಿ 626 ಎಂಬ ಸಂಖ್ಯೆ, ಅಂದರೆ ಒಳಗೆ 6, ಹೊರಗೆ 19, ದಪ್ಪ 6 ಮಿಲಿಮೀಟರ್. ಕಂಪನಿಯ ಬಿಡಿಭಾಗಕ್ಕೆ ಕಾಯುವುದು ಬೇಡ, ಸಂಖ್ಯೆ ಹೇಳಿದರೆ ಬೇರಿಂಗ್ ಅಂಗಡಿಯಲ್ಲಿ ಸಿಗುತ್ತದೆ. ಎರಡೂ ಬದಿ ಮುಚ್ಚಳವಿರುವುದನ್ನೇ ಕೇಳಬೇಕು, ಇಲ್ಲದಿದ್ದರೆ ರಂಗೋಲಿ ಪುಡಿ ಒಂದು ಹಬ್ಬದಲ್ಲಿಯೇ ಅದನ್ನು ತಿಂದುಹಾಕುತ್ತದೆ.

ಹೊಸ ಬೇರಿಂಗ್ ಹಾಕಿ, ತಿರುಗಿಸಿ ತೋರಿಸಿ ಕಳುಹಿಸಿದೆ. ಜೊತೆಗೆ ಜಾಣತನದ ಒಂದು ಮಾತನ್ನೂ ಹೇಳಿದೆ: "ಟೀಚರ್, ಇನ್ನು ಮುಂದೆ ಬ್ರಷ್ ನಿಂತರೆ ತಕ್ಷಣ ಆಫ್ ಮಾಡಿಬಿಡಿ, ಇಲ್ಲದಿದ್ದರೆ ಮೋಟಾರ್ ಸುಡುತ್ತದೆ."

ನಾಲ್ಕನೆಯ ದಿನ ವಾಪಸ್ಸು. ಅದೇ ಎರಡು ನಿಮಿಷ. ಹೆಡ್ಡನ್ನು ಪವರ್ ಸಪ್ಲೈಗೆ ಕೊಟ್ಟೆ, 21 ವೋಲ್ಟಿನಲ್ಲಿ ಹತ್ತು ನಿಮಿಷ ಎಡೆಬಿಡದೆ ಓಡಿತು. ವೈರುಗಳಿಗೆ ಮಲ್ಟಿಮೀಟರ್ ಇಟ್ಟೆ, ಬೀಪ್ ಎಂದಿತು, ಅಂದರೆ ವೈರು ತುಂಡಾಗಿಲ್ಲ. ಬಿಸಿಯಿಂದಲ್ಲ ಎಂದು ಯಂತ್ರವೇ ಹೇಳುತ್ತಿದ್ದರೂ ನನಗೆ ಕೇಳಿಸಲಿಲ್ಲ. ಭಾರ ಬಿದ್ದಾಗ ಮೋಟಾರಿನೊಳಗೆ ಕರೆಂಟ್ ದಾಟಿಸುವ ಕಾರ್ಬನ್ ತುಂಡು ಕೈಕೊಡುತ್ತಿರಬೇಕು ಎಂದುಕೊಂಡು ಹೊಸ ಮೋಟಾರ್ ತರಿಸಿ ಹಾಕಿದೆ. 1,450 ರೂಪಾಯಿ ತೆಗೆದುಕೊಂಡೆ.

ಆದ್ದರಿಂದ ಮೂರನೆಯ ಸಲ ಬಂದಾಗ ಮೇಜಿನ ಮೇಲೆ ಮಾಡುವಂಥದ್ದು ಏನೂ ಉಳಿದಿರಲಿಲ್ಲ. "ಸಂಜೆ ಮನೆಗೆ ಬರುತ್ತೇನೆ ಟೀಚರ್, ನೀವೇ ಗುಡಿಸಿ ತೋರಿಸಿ" ಎಂದೆ.

ಹಳೆಯ ಮನೆ, ಕನ್ನಡಿಯಂಥ ರೆಡ್ ಆಕ್ಸೈಡ್ ನೆಲ. ನಿಜ ಹೇಳಬೇಕೆಂದರೆ ಅಂಥ ನೆಲಕ್ಕೆ ಬಿರುಗೂದಲಿನ ರೋಲರ್ ಬೇಕೇ ಇಲ್ಲ. 1908ರಲ್ಲಿ ಇಂಥ ಯಂತ್ರಕ್ಕೆ ಪೇಟೆಂಟ್ ಪಡೆದ ಜೇಮ್ಸ್ ಸ್ಪ್ಯಾಂಗ್ಲರ್ ಅಮೆರಿಕದ ಒಹಾಯೊ ರಾಜ್ಯದ ಕ್ಯಾಂಟನ್ನಿನಲ್ಲಿ ಅಂಗಡಿಯೊಂದರ ಕಸ ಗುಡಿಸುತ್ತಿದ್ದವರು. ಧೂಳಿನಿಂದ ಅವರಿಗೆ ಉಬ್ಬಸ. ಗಾಳಿ ಎಳೆಯುವುದರ ಜೊತೆಗೆ ತಿರುಗುವ ಬ್ರಷ್ಷನ್ನೂ ಇಟ್ಟದ್ದು ಕಾರ್ಪೆಟ್ಟಿನ ಎಳೆಗಳ ನಡುವೆ ಹುದುಗಿದ ಧೂಳನ್ನು ಬಡಿದೆಬ್ಬಿಸಲು. ನುಣುಪಾದ ನೆಲದಲ್ಲಿ ಬಡಿದೆಬ್ಬಿಸುವಂಥದ್ದು ಏನೂ ಇಲ್ಲ. ಗಡಸು ಬ್ರಷ್ ಅಕ್ಕಿಕಾಳನ್ನು ಮೂಲೆಗೆ ಸಿಡಿಸುತ್ತದೆ, ಅಷ್ಟೇ. ಮೆತ್ತನೆಯ ಬಟ್ಟೆಯಂಥ ರೋಲರ್ ಸಿಕ್ಕರೆ ಅದೇ ಮೇಲು. ಟೀಚರ್ ಮನೆಯಲ್ಲಿ ಇದ್ದದ್ದು ಒಂದೇ ಒಂದು ಜಮಖಾನ.

ಅವರು ಹಜಾರದಿಂದ ಶುರು ಮಾಡಿದರು. ಸೋಫಾದ ಸುತ್ತ, ಊಟದ ಮೇಜಿನ ಕೆಳಗೆ, ಎಲ್ಲ ಸರಿ. ಮಲಗುವ ಕೋಣೆಗೆ ಬಂದರು, ಮಂಚದ ಬಳಿ ಸೊಂಟ ಬಗ್ಗಿಸಿ ಹಿಡಿಯನ್ನು ನೆಲಕ್ಕೆ ತಾಗುವಷ್ಟು ಇಳಿಸಿದರು. ಗುಂಯ್‌ಗುಡುವ ಎರಡು ದನಿಗಳಲ್ಲಿ ಒಂದು ಹೋಯಿತು. ಬ್ರಷ್ ನಿಂತಿತ್ತು. ಟೀಚರ್ ನಾನು ಹೇಳಿಕೊಟ್ಟಂತೆ ತಕ್ಷಣ ಆಫ್ ಮಾಡಿದರು.

ಗಡಿಯಾರ ನೋಡಿದೆ. ಹಜಾರದಿಂದ ಮಂಚಕ್ಕೆ ಎರಡು ನಿಮಿಷ.

"ಆಫ್ ಮಾಡಬೇಡಿ, ಮೇಲೆತ್ತಿ" ಎಂದೆ. ಮತ್ತೆ ಆನ್ ಮಾಡಿ ಹಿಡಿ ಎತ್ತಿದರು, ತಿರುಗಿತು. ಇಳಿಸಿದರು, ನಿಂತಿತು. ಎಷ್ಟು ಹೊತ್ತಿಗೆ ನಿಲ್ಲುತ್ತದೆ ಎಂದು ಕೇಳಿದ್ದೆನೇ ಹೊರತು ಎಲ್ಲಿ ನಿಲ್ಲುತ್ತದೆ ಎಂದು ಮೂರು ಸಲದಲ್ಲಿ ಒಮ್ಮೆಯೂ ಕೇಳಿರಲಿಲ್ಲ. ಮೇಜಿನ ಮೇಲೆ ಪರೀಕ್ಷಿಸುವಾಗ ಹೆಡ್ಡಿನ ಕತ್ತು, ಅಂದರೆ ಹಿಡಿಯ ಕೋಲು ಬಂದು ಸೇರುವ ಬಾಗುವ ಕೀಲು, ಯಾವಾಗಲೂ ನೆಟ್ಟಗೆ ನಿಂತಿರುತ್ತಿತ್ತು.

ಕತ್ತಿನ ಎರಡು ಸ್ಕ್ರೂ ಬಿಚ್ಚಿದೆ. ಅದರೊಳಗಿಂದ ಮೋಟಾರಿಗೆ ಹೋಗುವ ಕೆಂಪು ವೈರಿನ ಹೊದಿಕೆ ಹೊರಗಿನಿಂದ ಗಟ್ಟಿಯಾಗಿಯೇ ಇತ್ತು. ಬಾಗುವ ಕಡೆ ಉಗುರಿನಿಂದ ಒತ್ತಿದಾಗ ಒಳಗೆ ಪೊಳ್ಳು. ಸೀಳಿ ನೋಡಿದರೆ ತಾಮ್ರದ ಎಳೆಗಳು ಕಪ್ಪಾಗಿ ತುಂಡಾಗಿದ್ದವು, ಎರಡೋ ಮೂರೋ ಮಾತ್ರ ತಾಗಿಕೊಂಡಿದ್ದವು. ಮಲ್ಟಿಮೀಟರ್ ಬೀಪ್ ಎಂದದ್ದು ಇದಕ್ಕೇ. ಅದು ಹರಿಸುವ ಕರೆಂಟ್ ಅತ್ಯಲ್ಪ, ಒಂದು ಎಳೆ ಇದ್ದರೂ ಅದಕ್ಕೆ ಸಾಕು. ಮೋಟಾರಿಗೆ ಸಾಲದು. ಈಗ ನಾನು ಬೈಕಿನ ಇಂಡಿಕೇಟರಿನ 12 ವೋಲ್ಟಿನ, 10 ವ್ಯಾಟಿನ ಎರಡು ಬಲ್ಬುಗಳನ್ನು ಒಂದರ ಹಿಂದೊಂದು ಜೋಡಿಸಿಟ್ಟುಕೊಂಡಿದ್ದೇನೆ. ಮೋಟಾರಿನ ಜಾಗಕ್ಕೆ ಅದನ್ನು ಕೊಟ್ಟು ಕತ್ತನ್ನು ಬಗ್ಗಿಸಿದರೆ, ವೈರು ಒಳಗೆ ಮುರಿದಿದ್ದರೆ ಬಲ್ಬುಗಳ ಬೆಳಕು ಮಂಕಾಗುತ್ತದೆ.

ಮುರಿದ ಜಾಗಕ್ಕೆ ಬೆಸುಗೆ ಹಾಕಿದರೆ ಐದು ನಿಮಿಷದ ಕೆಲಸ. ಹಾಗೆ ಮಾಡಬಾರದು. ಬೆಸುಗೆ ಹಾಕಿದ ವೈರು ಕಡ್ಡಿಯಂತೆ ಸೆಟೆದುಕೊಳ್ಳುತ್ತದೆ, ಬಾಗುವ ಜಾಗದಲ್ಲಿದ್ದರೆ ಬೆಸುಗೆಯ ಅಂಚಿನಲ್ಲಿಯೇ ಮತ್ತೆ ಮುರಿಯುತ್ತದೆ. ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ಎಸ್.ಪಿ. ರಸ್ತೆಯಿಂದ ನೂಲಿನಷ್ಟು ಸಣ್ಣ ಎಳೆಗಳಿರುವ ಸಿಲಿಕೋನ್ ವೈರು ತಂದು, ಎರಡೂ ವೈರುಗಳನ್ನು ಉದ್ದಕ್ಕೂ ಬದಲಿಸಿ, ಕತ್ತಿನೊಳಗೆ ಒಂದು ಸುತ್ತು ಸಡಿಲ ಬಿಟ್ಟು, ಬೆಸುಗೆಗಳನ್ನು ಬಾಗದ ಕಡೆಗೆ ತಳ್ಳಿದೆ.

ಕೂದಲಿನ ಸಿಂಬಿ ಸುಳ್ಳಾಗಿರಲಿಲ್ಲ, ಬೇರಿಂಗ್ ನಿಜವಾಗಿಯೂ ಹೋಗಿತ್ತು. ಆದರೆ ದೋಷ ಸಿಕ್ಕಿತೆಂಬ ಸಮಾಧಾನದಲ್ಲಿ ದೂರಿನ ಕಾರಣ ಅದೇ ಹೌದೋ ಅಲ್ಲವೋ ಎಂದು ನೋಡುವುದನ್ನು ಬಿಟ್ಟೆ. ಮೋಟಾರಂತೂ ಸುಮ್ಮನೆ ಹೋಯಿತು. ಹಳೆಯದು ಈಗಲೂ ನನ್ನ ಡ್ರಾಯರಿನಲ್ಲಿದೆ, ಚೆನ್ನಾಗಿ ಓಡುತ್ತದೆ.

1,450 ರೂಪಾಯಿ ವಾಪಸ್ಸು ಕೊಟ್ಟಾಗ ಟೀಚರ್ ಬೇಡವೆನ್ನಲಿಲ್ಲ, ಎಣಿಸಿಯೇ ತೆಗೆದುಕೊಂಡರು. "ವೈರಿನದು ಎಷ್ಟಾಯಿತು?" ಎಂದು ಕೇಳಿ ಅದನ್ನು ಬೇರೆಯಾಗಿ ಕೊಟ್ಟರು. ಆಮೇಲೆ ಹೊಲಿಗೆ ಡಬ್ಬಿಯಿಂದ ತಮ್ಮದೇ ಕವಲುಮೂತಿಯ ಸಾಧನ ತೆಗೆದು, "ಆ ಕೂದಲು ಬಿಡಿಸುವುದನ್ನು ಒಮ್ಮೆ ತೋರಿಸಪ್ಪ, ಅದಕ್ಕೆಲ್ಲ ನಿನ್ನ ಹತ್ತಿರ ಯಾಕೆ ಬರಲಿ" ಎಂದರು. ಮೊನ್ನೆ ಫೋನ್ ಮಾಡಿದ್ದು ಮಿಕ್ಸಿಗೆ. ಯಾವ ಜಾರ್ ಹಾಕಿದಾಗ ನಿಲ್ಲುತ್ತದೆ ಎಂದು ಮೊದಲು ಕೇಳಿದೆ.